ಮಕ್ಕಳೊಡನೆ ಮುಂಬಯಿಯಿಂದ ಹಂಪೆಗೆ: ಒಂದು ಪ್ರವಾಸದ ಮುಂಗಡ ಲೆಕ್ಕ

ದೀಪಾವಳಿಯ ರಜೆ ಸಮೀಪಿಸಿತೆಂದರೆ ಮುಂಬಯಿಯ ಅನೇಕ ಕನ್ನಡ ಕುಟುಂಬಗಳಲ್ಲಿ ಒಂದು ಪ್ರಸ್ತಾಪ ತಪ್ಪದೆ ತಲೆದೋರುತ್ತದೆ. ಮನೆಯಲ್ಲಿ ಕಾರು ಇದೆ, ಹೆದ್ದಾರಿ ವಿಶಾಲವಾಗಿದೆ, ಮಕ್ಕಳು ಬಾದಾಮಿಯನ್ನಾಗಲಿ ಹಂಪೆಯನ್ನಾಗಲಿ ಇನ್ನೂ ಕಂಡಿಲ್ಲ. ಈ ಸಲ ಹೋಗಿಯೇ ಬಿಡೋಣ ಎಂಬುದೇ ಆ ಪ್ರಸ್ತಾಪ. ಹಿಂದಿನ ತಲೆಮಾರಿನವರು ಊರಿಗೆ ಹೊರಟರೆ ರಾತ್ರಿಯ ಬಸ್ಸು ಹಿಡಿಯುತ್ತಿದ್ದರು, ಇಲ್ಲವೆ ಮೀರಜಿನಲ್ಲಿ ಗಾಡಿ ಬದಲಿಸಿ, ಟ್ರಂಕು ಹಾಸಿಗೆಗಳೊಡನೆ ಮುಂದಿನ ಪ್ರಯಾಣ ಬೆಳೆಸುತ್ತಿದ್ದರು. ಆ ಪ್ರಯಾಣದಲ್ಲಿ ಕಷ್ಟವಿತ್ತು, ಆದರೆ ಒಂದು ನೆಮ್ಮದಿಯೂ ಇತ್ತು: ಗಾಡಿ ನಡೆಸುವ ಹೊಣೆ ಬೇರೊಬ್ಬರದು. ಇಂದು ಆ ಹೊಣೆ ಮಕ್ಕಳ ತಂದೆಯದು, ಕೆಲವೊಮ್ಮೆ ತಾಯಿಯದು. ಕುಟುಂಬದ ಪ್ರವಾಸದ ಯೋಜನೆ ಇಲ್ಲಿಂದ ಮೊದಲಾಗಬೇಕೇ ಹೊರತು ಯಾವ ಗುಡಿಯನ್ನು ನೋಡಬೇಕು, ಯಾವ ಹೋಟೆಲಿನಲ್ಲಿ ಇಳಿಯಬೇಕು ಎಂಬುದರಿಂದಲ್ಲ.

ಸಾಮಾನ್ಯವಾಗಿ ಹಾಕಿಕೊಳ್ಳುವ ಯೋಜನೆಯ ಸ್ವರೂಪ ಎಲ್ಲರಿಗೂ ಪರಿಚಿತವೇ. ಶುಕ್ರವಾರ ಸಂಜೆ ಕಚೇರಿ ಮುಗಿಸಿ ಮನೆಗೆ ಬರುವುದು, ಊಟ ಮಾಡಿ ರಾತ್ರಿ ಹತ್ತು ಗಂಟೆಗೆ ಡೊಂಬಿವಲಿಯಿಂದಲೋ ಮುಲುಂಡಿನಿಂದಲೋ ಹೊರಡುವುದು, ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ರಿಸುತ್ತಿರುವಾಗ ದಾರಿ ಸಾಗಿಸಿಬಿಡುವುದು, ಬೆಳಗಾಗುವಷ್ಟರಲ್ಲಿ ಬೆಳಗಾವಿ ದಾಟುವುದು. ಒಂದು ದಿನದ ಬಾಡಿಗೆ ಉಳಿಯಿತು, ಒಂದು ದಿನದ ರಜೆಯೂ ಉಳಿಯಿತು ಎಂಬ ಸಮಾಧಾನ ಬೇರೆ. ಈ ಉಳಿತಾಯದ ಲೆಕ್ಕದಲ್ಲಿ ಖರ್ಚಿನ ಬದಿಯ ಒಂದು ದೊಡ್ಡ ಮೊತ್ತ ಬರೆಯದೆ ಉಳಿದಿರುತ್ತದೆ. ಐದು ಗಂಟೆಗೆದ್ದು ಲೋಕಲ್ ಗಾಡಿ ಹಿಡಿದು ದಿನವೆಲ್ಲ ದುಡಿದ ಮನುಷ್ಯ ರಾತ್ರಿ ಹತ್ತಕ್ಕೆ ಸ್ಟಿಯರಿಂಗ್ ಹಿಡಿಯುವ ವೇಳೆಗೆ ಎಚ್ಚರವಾಗಿದ್ದು ಹದಿನೇಳು ಗಂಟೆಗಳಾಗಿರುತ್ತವೆ. ಅಷ್ಟು ಹೊತ್ತು ನಿದ್ರೆಯಿಲ್ಲದವನ ಕಣ್ಣು, ಕೈ ಮತ್ತು ನಿರ್ಧಾರಗಳ ಚುರುಕು, ರಕ್ತದಲ್ಲಿ ನೂರು ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರವಿದ್ದವನ ಮಟ್ಟಕ್ಕೆ ಇಳಿಯುತ್ತದೆಂದು ನಿದ್ರೆಯ ಬಗ್ಗೆ ನಡೆದ ಪ್ರಯೋಗಗಳು ತೋರಿಸಿವೆ. ಭಾರತದ ಮೋಟಾರು ವಾಹನ ಕಾನೂನು ಚಾಲಕನಿಗೆ ವಿಧಿಸಿರುವ ಮಿತಿ 30 ಮಿಲಿಗ್ರಾಂ. ಅಂದರೆ ಹನಿ ಮದ್ಯವನ್ನೂ ಮುಟ್ಟದ ಗೃಹಸ್ಥನು ಖೋಪೋಲಿ ದಾಟುವ ಮೊದಲೇ ಕುಡಿದು ಓಡಿಸುವವನ ಸಾಲಿಗೆ ಸೇರಿದಂತಾಯಿತು. ಇದರ ಮೇಲೆ ನಡುರಾತ್ರಿ ಎರಡರಿಂದ ನಸುಕಿನ ಐದರವರೆಗೆ ದೇಹದ ಒಳಗಡಿಯಾರವೇ ನಿದ್ರೆಯನ್ನು ಒತ್ತಾಯಿಸುತ್ತದೆ. ಚಹಾ, ಹಾಡು, ತೆರೆದ ಕಿಟಕಿ ಇವು ಯಾವುವೂ ನಿದ್ರೆಯ ಬದಲಿಗೆ ಸಲ್ಲುವ ನಾಣ್ಯಗಳಲ್ಲ.

ಆದುದರಿಂದ ಶುಕ್ರವಾರ ರಾತ್ರಿ ಎಲ್ಲರೂ ಮನೆಯಲ್ಲೇ ಮಲಗಿ, ಶನಿವಾರ ನಸುಕಿಗೆದ್ದು ಐದೂವರೆ ಆರರ ಸುಮಾರಿಗೆ ಹೊರಡುವುದು ಕ್ರಮ. ನಗರದ ದಟ್ಟಣೆ ಆರಂಭವಾಗುವ ಮುನ್ನ ಘಟ್ಟ ಏರಿಬಿಡಬಹುದು. ಮಕ್ಕಳೂ ಮೊದಲ ಒಂದೆರಡು ಗಂಟೆ ನಿದ್ರೆಯನ್ನು ಮುಂದುವರಿಸುತ್ತಾರೆ. ಮೊದಲ ದಿನ ಕೊಲ್ಹಾಪುರದವರೆಗೆ, ಸುಮಾರು 380 ಕಿಲೋಮೀಟರು, ಅಷ್ಟು ಸಾಕು. ದೊಡ್ಡವರೇ ಆದರೆ ಏಳು ಗಂಟೆಯಲ್ಲಿ ತಲುಪಬಹುದಾದ ಈ ದೂರಕ್ಕೆ ಚಿಕ್ಕ ಮಕ್ಕಳಿರುವ ಕಾರಿಗೆ ಒಂಬತ್ತು ಗಂಟೆ ಹಿಡಿಯಬೇಕು. ಎರಡು ಗಂಟೆಗೊಮ್ಮೆ ಇಪ್ಪತ್ತು ನಿಮಿಷ ನಿಲ್ಲಿಸಿ ಮಕ್ಕಳನ್ನು ಇಳಿಸಿ ಓಡಾಡಿಸುವುದು ಮಕ್ಕಳಿಗಷ್ಟೇ ಅಲ್ಲ, ಚಾಲಕನ ಬೆನ್ನಿಗೂ ಕಣ್ಣಿಗೂ ಅವಶ್ಯಕ. ಎರಡನೆಯ ದಿನ ಬೆಳಗಾವಿಯ ಮಾರ್ಗವಾಗಿ ಬಾದಾಮಿ, ಸುಮಾರು 250 ಕಿಲೋಮೀಟರು. ಅಲ್ಲಿ ಎರಡು ರಾತ್ರಿ ತಂಗಿ, ಮುಂದೆ ಹೊಸಪೇಟೆಗೆ 140 ಕಿಲೋಮೀಟರು. ಅಲ್ಲಿಯೂ ಎರಡು ಮೂರು ರಾತ್ರಿ. ಹಿಂದಿರುಗುವಾಗ ಹುಬ್ಬಳ್ಳಿ ಅಥವಾ ಧಾರವಾಡದಲ್ಲಿ ಒಂದು ತಂಗು, ಕೊಲ್ಹಾಪುರ ಅಥವಾ ಸಾತಾರಾದಲ್ಲಿ ಇನ್ನೊಂದು. ಸ್ಥಳದ ತಿರುಗಾಟವೂ ಸೇರಿ ಒಟ್ಟು 1650 ಕಿಲೋಮೀಟರೆಂದು ಇಟ್ಟುಕೊಂಡರೆ, ಲೀಟರಿಗೆ 15 ಕಿಲೋಮೀಟರು ಓಡುವ ಕಾರಿಗೆ 110 ಲೀಟರು ಇಂಧನ ಬೇಕಾಗುತ್ತದೆ. ಇದು ಎಂಟು ಒಂಬತ್ತು ದಿನಗಳ ಪ್ರವಾಸ. ನಾಲ್ಕೇ ದಿನ ರಜೆಯಿದ್ದವರು ಬಾದಾಮಿಯನ್ನೋ ಹಂಪೆಯನ್ನೋ ಒಂದನ್ನು ಆರಿಸಿಕೊಳ್ಳುವುದು ಲೇಸು. ನಾಲ್ಕು ದಿನದಲ್ಲಿ ಎರಡನ್ನೂ ಮುಗಿಸಿ, ದಾರಿಯಲ್ಲಿ ವಿಜಯಪುರದ ಗೋಳಗುಮ್ಮಟವನ್ನೂ ಸೇರಿಸುವವರಿದ್ದಾರೆ. ಅವರ ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ಕಾರಿನ ಸೀಟಿನ ಬಣ್ಣ ಮಾತ್ರ.

ಸುಂಕದ ಕಟ್ಟೆಗಳ ವಿಷಯದಲ್ಲಿ ಒಂದು ಮಾತು. ಫಾಸ್ಟ್ಯಾಗ್ 2021ರ ಫೆಬ್ರುವರಿಯಿಂದ ಕಡ್ಡಾಯವಾಗಿರುವುದರಿಂದ ಅದರ ಖಾತೆಯಲ್ಲಿ ಹಣವಿದೆಯೇ ಎಂಬುದನ್ನು ಹೊರಡುವ ಹಿಂದಿನ ದಿನವೇ ನೋಡಿಕೊಳ್ಳತಕ್ಕದ್ದು. 2025ರ ಆಗಸ್ಟ್ 15ರಂದು ಖಾಸಗಿ ಕಾರುಗಳಿಗೆಂದು ಆರಂಭವಾದ ವಾರ್ಷಿಕ ಪಾಸು, ಆಗ ಮೂರು ಸಾವಿರ ರೂಪಾಯಿಗೆ ಇನ್ನೂರು ಸಲದ ಸಂಚಾರವನ್ನು ಒದಗಿಸಿತು. ಆದರೆ ಅದು ರಾಷ್ಟ್ರೀಯ ಹೆದ್ದಾರಿಗಳಿಗೆ ಮಾತ್ರ ಸಂಬಂಧಿಸಿದ್ದು. ಮುಂಬಯಿ–ಪುಣೆ ದ್ರುತಗತಿ ಮಾರ್ಗ ಮಹಾರಾಷ್ಟ್ರ ರಾಜ್ಯದ ಅಧೀನವಾದುದರಿಂದ ಅಲ್ಲಿನ ಸುಂಕ ಪ್ರತ್ಯೇಕ. ಹೆದ್ದಾರಿಯಲ್ಲಿ ಕಾರು ಕೆಟ್ಟು ನಿಂತರೆ ಅಥವಾ ಅಪಘಾತವಾದರೆ 1033, ಆಂಬುಲೆನ್ಸಿಗೆ 108, ಯಾವುದೇ ತುರ್ತಿಗೆ 112 ಎಂಬ ಮೂರು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಕಾರಿನೊಳಗೆ ಅಂಟಿಸಿದರೆ ಸಾಕು, ಓದಲು ಬಲ್ಲ ಮಗುವಿಗೂ ಅವು ಬಾಯಿಪಾಠವಾಗುತ್ತವೆ.

ಇನ್ನು ಕಾರಿನೊಳಗೆ ಮಗು ಎಲ್ಲಿ ಕೂರಬೇಕು ಎಂಬ ಪ್ರಶ್ನೆ. ತಾಯಿಯ ಮಡಿಲಿಗಿಂತ ಸುರಕ್ಷಿತವಾದ ಜಾಗವುಂಟೇ ಎಂದು ಅಜ್ಜಿಯಂದಿರು ಕೇಳುತ್ತಾರೆ. ಮನೆಯಲ್ಲಿ ಇಲ್ಲ, ಆದರೆ ಓಡುವ ಕಾರಿನಲ್ಲಿ ಉಂಟು. ಗಂಟೆಗೆ 50 ಕಿಲೋಮೀಟರು ವೇಗದ ಕಾರು ಢಿಕ್ಕಿ ಹೊಡೆದು ಥಟ್ಟನೆ ನಿಂತಾಗ ಹತ್ತು ಕಿಲೋ ತೂಕದ ಮಗು ನೂರು ಕಿಲೋವನ್ನೂ ಮೀರಿದ ಭಾರದಂತೆ ಮುಂದಕ್ಕೆ ನುಗ್ಗುತ್ತದೆ. ಅದನ್ನು ತಡೆದು ಹಿಡಿಯುವ ಶಕ್ತಿ ಯಾವ ತಾಯಿಯ ತೋಳಿಗೂ ಇಲ್ಲ. ಮೋಟಾರು ವಾಹನ ಕಾನೂನಿನ 2019ರ ತಿದ್ದುಪಡಿಯಂತೆ ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟನ್ನೋ ಮಕ್ಕಳ ಸೀಟನ್ನೋ ಹಾಕದೆ ಓಡಿಸಿದರೆ ಒಂದು ಸಾವಿರ ರೂಪಾಯಿ ದಂಡವಿದೆ. ಆದರೆ ದಂಡದ ಹೆದರಿಕೆಯಿಂದ ಮಾಡುವ ಕೆಲಸವಲ್ಲ ಇದು. ಕೂಸುಗಳಿಗೆ ಹಿಮ್ಮುಖವಾಗಿ ಕೂರಿಸುವ ಸೀಟು, ಅದಕ್ಕಿಂತ ದೊಡ್ಡವರಿಗೆ ಮುಮ್ಮುಖದ ಸೀಟು, ಕಾರಿನ ಬೆಲ್ಟು ಕುತ್ತಿಗೆಗೆ ತಾಗದಷ್ಟು ಎತ್ತರ ಬೆಳೆಯುವವರೆಗೆ ಎತ್ತರಿಸುವ ಪೀಠ. ಇವೆಲ್ಲವೂ ಹಿಂದಿನ ಸಾಲಿನಲ್ಲೇ ಇರಬೇಕು. ಹಿಮ್ಮುಖದ ಸೀಟನ್ನು ಗಾಳಿಚೀಲವಿರುವ ಮುಂದಿನ ಆಸನದಲ್ಲಿ ಎಂದೂ ಇಡಕೂಡದು, ಬಿಚ್ಚಿಕೊಳ್ಳುವ ಚೀಲದ ಹೊಡೆತವೇ ಕೂಸಿಗೆ ಮಾರಕವಾದೀತು. ಸೀಟಿನ ಬೆಲೆ ಹೆಚ್ಚೆನ್ನುವವರು ಅಕ್ಕಪಕ್ಕದ ಸ್ನೇಹಿತರಿಂದ ಎರವಲು ಪಡೆಯಬಹುದು, ಆದರೆ ಒಮ್ಮೆ ಅಪಘಾತಕ್ಕೊಳಗಾದ ಸೀಟು ಬೇಡ. ಮಕ್ಕಳನ್ನು ನಿಂತ ಕಾರಿನಲ್ಲಿ ಬಿಟ್ಟು ‘ಒಂದೇ ನಿಮಿಷ’ ಎಂದು ಅಂಗಡಿಗೆ ಹೋಗುವ ರೂಢಿಯನ್ನೂ ಇಲ್ಲಿಯೇ ಖಂಡಿಸಬೇಕಾಗಿದೆ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ, ಚಿಕ್ಕ ದೇಹ ದೊಡ್ಡವರಿಗಿಂತ ಬಹುಬೇಗ ಕಾಯುತ್ತದೆ.

ವಾಂತಿಯ ತೊಂದರೆ ಬಹುಮಟ್ಟಿಗೆ ಎರಡರಿಂದ ಹನ್ನೆರಡು ವರ್ಷದವರನ್ನು ಕಾಡುತ್ತದೆ. ಒಳಗಿವಿ ‘ಚಲಿಸುತ್ತಿದ್ದೇನೆ’ ಎಂದು ವರದಿ ಮಾಡುತ್ತಿರುವಾಗ ಪುಸ್ತಕದಲ್ಲೋ ಮೊಬೈಲಿನಲ್ಲೋ ನೆಟ್ಟ ಕಣ್ಣು ‘ಇಲ್ಲ, ಸ್ಥಿರವಾಗಿದ್ದೇನೆ’ ಎನ್ನುತ್ತದೆ. ಎರಡು ವರದಿಗಳು ತಾಳೆಯಾಗದೆ ಮಿದುಳು ಗಲಿಬಿಲಿಗೊಳ್ಳುತ್ತದೆ. ಮಗುವನ್ನು ಸುಮ್ಮನಿರಿಸಲೆಂದು ಕೊಟ್ಟ ಮೊಬೈಲೇ ಘಟ್ಟದ ತಿರುವಿನಲ್ಲಿ ವಾಂತಿ ಮಾಡಿಸುವುದು ಹೀಗೆ. ಹೊರಡುವ ಮುನ್ನ ಹೊಟ್ಟೆ ತುಂಬ ಉಪ್ಪಿಟ್ಟನ್ನು ತುರುಕುವುದೂ ತಪ್ಪು, ಬರಿಹೊಟ್ಟೆಯೂ ತಪ್ಪು. ಒಂದು ಇಡ್ಲಿ, ಒಂದಿಷ್ಟು ಒಣ ಅವಲಕ್ಕಿ, ಒಂದು ಬಾಳೆಹಣ್ಣು ಸಾಕು. ಕಿಟಕಿಯನ್ನು ಸ್ವಲ್ಪ ತೆರೆದು, ಮುಂದಿನ ದಾರಿಯನ್ನೋ ದೂರದ ಗುಡ್ಡವನ್ನೋ ನೋಡುವಂತೆ ಮಗುವನ್ನು ಪ್ರೇರೇಪಿಸಬೇಕು. ಇಷ್ಟರಿಂದ ತಡೆಯದಿದ್ದರೆ ಮಾತ್ರ ಔಷಧಿ, ಅದೂ ಮಕ್ಕಳ ವೈದ್ಯರು ತೂಕ ನೋಡಿ ಬರೆದುಕೊಟ್ಟದ್ದು. ವಾಂತಿ ತಡೆಯಲು ದೊಡ್ಡವರು ನುಂಗುವ ಮಾತ್ರೆಯ ಅರ್ಧವನ್ನು ಮುರಿದು ಕೊಡುವ ಪದ್ಧತಿ ಅಪಾಯಕರವಾದದ್ದು. ಇದಕ್ಕೆ ಬಳಸುವ ಪ್ರೊಮೆಥಜಿನ್ ಎಂಬ ಔಷಧಿಯನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಅದು ಉಸಿರಾಟವನ್ನೇ ಕುಗ್ಗಿಸಬಲ್ಲುದು.

ನಿಪ್ಪಾಣಿಯ ಗಡಿ ದಾಟಿದೊಡನೆ ಮಕ್ಕಳ ಕಣ್ಣನ್ನು ಹೊರಗಿರಿಸಲು ಒಂದು ಸುಲಭ ಸಾಧನ ದೊರೆಯುತ್ತದೆ, ಕನ್ನಡ ಅಕ್ಷರ. ಇಂಗ್ಲಿಷ್ ಶಾಲೆಗೆ ಹೋಗುತ್ತ, ಬೀದಿಯಲ್ಲಿ ಮರಾಠಿಯನ್ನೂ ಹಿಂದಿಯನ್ನೂ ಆಡುತ್ತ, ಕನ್ನಡವನ್ನು ಅಡುಗೆಮನೆಯಲ್ಲಿ ಮಾತ್ರ ಕೇಳಿ ಬೆಳೆದ ಮಗುವಿಗೆ ಅಂಗಡಿಯ ಹಲಗೆ, ಮೈಲಿಗಲ್ಲು, ಬಸ್ಸಿನ ಹಣೆಬರಹ ಎಲ್ಲವೂ ಒಮ್ಮೆಗೇ ಮನೆಯ ಭಾಷೆಯಲ್ಲಿ ಬರೆದಿರುವುದು ಒಂದು ಅಚ್ಚರಿಯೇ ಸರಿ. ಹೊರಡುವ ಮುನ್ನ ಒಂದು ತಿಂಗಳು ದಿನಕ್ಕೆ ಎರಡು ಅಕ್ಷರಗಳಂತೆ ಕಲಿಸಿದ್ದರೆ ಬೆಳಗಾವಿ ಬರುವಷ್ಟರಲ್ಲಿ ಕೂಡಿಸಿ ಓದುವ ಆಟ ಆರಂಭವಾಗುತ್ತದೆ. ಎದುರಿಗೆ ಬರುವ ಬಸ್ಸಿನ ಮೇಲೆ ‘ವಾಯವ್ಯ’ ಎಂಬುದನ್ನು ಯಾರು ಮೊದಲು ಓದುತ್ತಾರೆ, ಹೊಸಪೇಟೆಯ ದಿಕ್ಕಿಗೆ ಬಂದಾಗ ಅದು ‘ಕಲ್ಯಾಣ ಕರ್ನಾಟಕ’ವಾದದ್ದನ್ನು ಯಾರು ಗುರುತಿಸುತ್ತಾರೆ ಎಂದು ಪಂಥ ಕಟ್ಟಬಹುದು. ದೂರ ನೋಡುವ ಕಣ್ಣಿಗೆ ವಾಂತಿ ಬಾರದು, ಲಿಪಿಯೂ ಬಂದೀತು.

ದಾರಿಯ ಆಹಾರದ ಬಗ್ಗೆ ಬರೆಯಹೊರಟರೆ ಒಂದು ಗ್ರಂಥವೇ ಆದೀತು. ಕಣ್ಣೆದುರು ಬೇಯಿಸಿ ಬಿಸಿಯಾಗಿ ಬಡಿಸಿದ್ದನ್ನು ತಿನ್ನುವುದು, ಸಿಪ್ಪೆ ಸುಲಿದು ತಿನ್ನುವ ಹಣ್ಣನ್ನು ಆರಿಸುವುದು, ಹೆಚ್ಚಿಟ್ಟ ಹಣ್ಣು, ಹಸಿ ಕೋಸಂಬರಿ, ಬರ್ಫು ಹಾಕಿದ ಕಬ್ಬಿನ ಹಾಲು ಇವುಗಳನ್ನು ಬಿಡುವುದು. ಇಷ್ಟನ್ನು ಪಾಲಿಸಿದರೆ ಬಹುಪಾಲು ಹೊಟ್ಟೆಯ ಕಾಯಿಲೆಗಳು ಹತ್ತಿರ ಸುಳಿಯವು. ನೀರನ್ನು ಮನೆಯಿಂದಲೇ ಕುದಿಸಿ ಆರಿಸಿ ದೊಡ್ಡ ಡಬ್ಬದಲ್ಲಿ ಒಯ್ಯುವುದು ಹಳೆಯ ಕ್ರಮವಾದರೂ ಉತ್ತಮ ಕ್ರಮ. ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯುವುದಕ್ಕೆ ಬದಲಾಗಿ ಕೈಗೆ ಹನಿ ದ್ರವ ಸವರಿಕೊಂಡರೆ, ಮಣ್ಣಿನಲ್ಲಿ ಆಡಿದ ಮಗುವಿನ ಕೈಗೆ ಅದು ಸಾಲದು.

ಇಷ್ಟಾಗಿಯೂ ಭೇದಿ ಹತ್ತಿದರೆ? ಜೀವಜಲದ ಪೊಟ್ಟಣ, ಅಂದರೆ ಓ.ಆರ್.ಎಸ್., ನಾಲ್ಕಾದರೂ ಚೀಲದಲ್ಲಿರಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ತೀರಿಹೋದಾಗ ಕಲಕತ್ತೆಯ ವೈದ್ಯ ದಿಲೀಪ್ ಮಹಲನಬೀಸರು ಉಪ್ಪು ಸಕ್ಕರೆಗಳ ಈ ನೀರನ್ನೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಅಗ್ಗದ ವಸ್ತುವಾದ್ದರಿಂದ ಜನರಿಗೆ ಅದರ ಮೇಲೆ ಗೌರವ ಕಡಿಮೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣವನ್ನು ಹಾಕಬೇಕು; ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಅತಿ ಉಪ್ಪಾಗಿ ಮಗುವಿಗೆ ಅಪಾಯ. ಕಲಸಿದ ನೀರನ್ನು ಇಪ್ಪತ್ನಾಲ್ಕು ಗಂಟೆಯ ನಂತರ ಚೆಲ್ಲಬೇಕು. ಪೊಟ್ಟಣ ದೊರೆಯದಿದ್ದಲ್ಲಿ ಒಂದು ಲೀಟರು ಶುದ್ಧ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅಂಗಡಿಗಳಲ್ಲಿ ಇದೇ ಹೆಸರು ಹೊತ್ತು ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳು ಬೇರೆ, ಇದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನು ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಮಗು ಮಂಕಾಗಿ ಬಿದ್ದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಆರು ಗಂಟೆ ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ ಗುಡಿ ನೋಡುವ ಕಾರ್ಯಕ್ರಮವನ್ನು ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗತಕ್ಕದ್ದು. ಬಾದಾಮಿಯಲ್ಲಿದ್ದರೆ ಬಾಗಲಕೋಟೆ, ಹಂಪೆಯಲ್ಲಿದ್ದರೆ ಹೊಸಪೇಟೆ ಹತ್ತಿರದ ದೊಡ್ಡ ಊರುಗಳು.

ಬಾದಾಮಿಯ ಗುಹೆಗಳು ಮಕ್ಕಳಿಗೆಂದೇ ಕೊರೆದಂತಿವೆ. ಮೊದಲನೆಯ ಗುಹೆಯ ಹೊರಬದಿಯಲ್ಲಿ ಕುಣಿಯುತ್ತಿರುವ ನಟರಾಜನಿಗೆ ಹದಿನೆಂಟು ಕೈಗಳು. ಎಣಿಸಿ ಹೇಳಿ ಎಂದರೆ ಐದು ವರ್ಷದ ಮಗುವೂ ಹತ್ತು ನಿಮಿಷ ಅಲ್ಲಿಯೇ ನಿಲ್ಲುತ್ತದೆ, ಅಷ್ಟರಲ್ಲಿ ದೊಡ್ಡವರೂ ಆ ಶಿಲ್ಪವನ್ನು ಮೊದಲ ಸಲ ನಿಜವಾಗಿ ನೋಡಿರುತ್ತಾರೆ. ಮೂರನೆಯ ಗುಹೆಯಲ್ಲಿ 578ನೆಯ ಇಸವಿಯ ಶಾಸನವಿದೆ. ನಾಲ್ಕೂ ಗುಹೆಗಳಿಗೆ ಮೆಟ್ಟಿಲು ಹತ್ತಬೇಕಾದ್ದರಿಂದ ಬೆಳಗಿನ ಹೊತ್ತೇ ಪ್ರಶಸ್ತ. ಮಧ್ಯಾಹ್ನ ವಸತಿಯಲ್ಲಿ ನಿದ್ರೆ, ಸಂಜೆ ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ಗುಡಿ. ಮರುದಿನ 22 ಕಿಲೋಮೀಟರು ದೂರದ ಪಟ್ಟದಕಲ್ಲು. ಐಹೊಳೆಯನ್ನು ಮಕ್ಕಳ ಉತ್ಸಾಹ ನೋಡಿ ಸೇರಿಸಿಕೊಳ್ಳಬಹುದು, ಬಿಡಲೂ ಬಹುದು. ಬನಶಂಕರಿಯಲ್ಲಿ ಹೆಂಗಸರು ಮನೆಯಿಂದ ತಟ್ಟಿ ತಂದು ಮಾರುವ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿಗಳ ಊಟವನ್ನು ಆರೋಗ್ಯದ ಹೆಸರಿನಲ್ಲಿ ತಪ್ಪಿಸುವುದು ಅನ್ಯಾಯ. ಒಣಗಿದ ರೊಟ್ಟಿಯಿಂದ ಅಂಥ ಭಯವಿಲ್ಲ, ಮಡಕೆಯ ಮಜ್ಜಿಗೆಯನ್ನು ಮಾತ್ರ ಚಿಕ್ಕವರಿಗೆ ಬಿಡಬಹುದು.

ಬಾದಾಮಿಯ ನಿಜವಾದ ಅಪಾಯ ಮಂಗಗಳು. ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದ ಮಗುವನ್ನು ಅವು ದೂರದಿಂದಲೇ ಗುರುತಿಸುತ್ತವೆ. ತಿಂಡಿಯನ್ನೆಲ್ಲ ಕಾರಿನಲ್ಲಿಯೇ ಬಿಟ್ಟು ಬರಿಗೈಯಲ್ಲಿ ಹತ್ತಬೇಕು, ಮಂಗನ ಕಣ್ಣಲ್ಲಿ ಕಣ್ಣಿಟ್ಟು ಹಲ್ಲು ತೋರಿಸಿ ನಗಬಾರದೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು. ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ, ಅರಿಸಿನ, ಸುಣ್ಣ, ಕಾಫಿಪುಡಿಗಳನ್ನು ಮೆತ್ತುವುದಲ್ಲ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆ ಸೇರಬೇಕು. ರೇಬೀಸ್ ತಲೆದೋರಿದ ಮೇಲೆ ಚಿಕಿತ್ಸೆಯಿಲ್ಲ, ತಲೆದೋರುವ ಮುನ್ನ ಲಸಿಕೆಯಿದೆ. ಗಾಯ ಆಳವಾಗಿದ್ದರೆ ಲಸಿಕೆಯೊಡನೆ ಗಾಯದ ಸುತ್ತ ಹಾಕುವ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕು. ಲಸಿಕೆಯ ಸುತ್ತುಗಳು ನಾಲ್ಕು ವಾರಗಳವರೆಗೆ ಹರಡುವುದರಿಂದ ಉಳಿದವನ್ನು ಮುಂಬಯಿಗೆ ಬಂದ ಮೇಲೆ ಹಾಕಿಸಿಕೊಳ್ಳಬಹುದು. ಮೊದಲಿನ ಚೀಟಿಯನ್ನು ಕಾಪಾಡಿಕೊಂಡಿರಬೇಕು. ಬೀದಿನಾಯಿಯ ವಿಷಯದಲ್ಲಿಯೂ ಇದೇ ನಿಯಮ.

ಹಂಪೆಗೆ ಬರುವ ದಿನ ಶುಕ್ರವಾರವಾಗದಿರಲಿ, ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ. ಅಲ್ಲಿ ಹಂಪೆಯ ಇಡೀ ಭೂಭಾಗದ ಮಾದರಿಯೊಂದನ್ನು ಇರಿಸಿದ್ದಾರೆ. ಅದನ್ನು ಮೊದಲು ನೋಡಿದ ಮಗುವಿಗೆ ಬಳಿಕ ಕಾಣುವ ಬಂಡೆ, ಹೊಳೆ, ಗುಡಿಗಳು ಚೆಲ್ಲಾಪಿಲ್ಲಿಯಾಗಿ ತೋರುವುದಿಲ್ಲ. ಪ್ರತಿ ಮಗುವಿನ ಕೈಗೂ ಒಂದೊಂದು ಐವತ್ತು ರೂಪಾಯಿಯ ನೋಟು ಕೊಟ್ಟು, ಅದರ ಹಿಂಬದಿಯಲ್ಲಿರುವುದು ಎಲ್ಲಿದೆ ಹುಡುಕಿ ಎಂದರೆ ವಿಜಯ ವಿಠ್ಠಲನ ಗುಡಿಯ ಕಲ್ಲಿನ ರಥದ ಮುಂದೆ ಅವರು ಕೂಗಿ ಕುಣಿಯುತ್ತಾರೆ. 2017ರಲ್ಲಿ ಹೊರಬಂದ ಆ ನೀಲಿ ನೋಟಿಗೆ ಇದಕ್ಕಿಂತ ಒಳ್ಳೆಯ ವಿನಿಯೋಗ ಇರಲಾರದು. ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುತ್ತದೆ. ಶಾಲೆಯಲ್ಲಿ ಸೂಜಿರಂಧ್ರದ ಕ್ಯಾಮೆರಾ ಕಲಿತ ಹುಡುಗ ಅದನ್ನು ತಂಗಿಗೆ ವಿವರಿಸುವಂತೆ ಬಿಡಬೇಕು. ಆನೆಲಾಯದ ಹನ್ನೊಂದು ಗುಮ್ಮಟಗಳು, ಕಮಲ ಮಹಲು, ದೊಡ್ಡ ನೆರಳಿನ ಹುಲ್ಲುಹಾಸು ಇವು ಒಂದೇ ಆವರಣದಲ್ಲಿರುವುದರಿಂದ ಚಿಕ್ಕವರಿಗೆ ಅನುಕೂಲ. ಮಾತಂಗ ಪರ್ವತ ಹತ್ತುವ ಸಾಹಸವನ್ನು ಮಕ್ಕಳು ದೊಡ್ಡವರಾಗುವವರೆಗೆ ಮುಂದೂಡಬಹುದು. ಹರಿಗೋಲು ಏರುವುದಾದರೆ ಪ್ರತಿಯೊಬ್ಬರಿಗೂ ಜೀವರಕ್ಷಕ ಅಂಗಿ ಇರಬೇಕು, ಮಗುವಿನ ಅಳತೆಯದು ಇಲ್ಲವೆಂದರೆ ದಂಡೆಯಲ್ಲಿಯೇ ನಿಂತು ನೋಡಿದರಾಯಿತು. ತುಂಗಭದ್ರೆ ಮೇಲ್ನೋಟಕ್ಕೆ ಶಾಂತಳು, ಅಣೆಕಟ್ಟಿನಿಂದ ನೀರು ಬಿಟ್ಟಾಗ ಬೇರೆಯೇ.

ಹಂಪೆಯ ಬಂಡೆಗಳು ಬಿಸಿಲನ್ನು ಹೀರಿ ಸಂಜೆಯವರೆಗೂ ಉಗುಳುತ್ತವೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆ ನಲವತ್ತು ಡಿಗ್ರಿಯನ್ನು ಮುಟ್ಟುವುದರಿಂದ ಚಿಕ್ಕ ಮಕ್ಕಳೊಡನೆ ಬೇಸಿಗೆಯ ರಜೆಯಲ್ಲಿ ಅಲ್ಲಿಗೆ ಹೋಗುವ ಯೋಚನೆಯನ್ನೇ ಕೈಬಿಡಬೇಕು. ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಹಿತಕರ. ಆಗಲೂ ಹನ್ನೊಂದರಿಂದ ಮೂರೂವರೆಯವರೆಗೆ ನೆರಳಿನಲ್ಲಿರುವುದು, ಬಾಯಾರಿಕೆ ಕೇಳುವ ಮೊದಲೇ ನೀರು ಕುಡಿಸುವುದು, ಗುಡಿಯೊಳಗೆ ಪಾದರಕ್ಷೆ ಬಿಡಬೇಕಾದಲ್ಲಿ ದಪ್ಪ ಕಾಲುಚೀಲ ತೊಡಿಸುವುದು ಅಗತ್ಯ. ಸಂಜೆ ತುಂಬುದೋಳಿನ ಬಟ್ಟೆ, ರಾತ್ರಿ ಸೊಳ್ಳೆಪರದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನವರಿಗೆ ಪ್ರವೇಶಧನವಿಲ್ಲ. ಮಧ್ಯಾಹ್ನ ಬಿಟ್ಟು ಸಂಜೆ ಮತ್ತೆ ಬರುವುದಾದರೆ ದೊಡ್ಡವರ ಟಿಕೆಟಿನ ಖರ್ಚು ಮಾತ್ರ ಇಮ್ಮಡಿಯಾದೀತು, ಅದನ್ನು ಮೊದಲೇ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಔಷಧಿಯ ಪೆಟ್ಟಿಗೆ ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಜ್ವರಕ್ಕೆ ಪ್ಯಾರಾಸಿಟಮಾಲ್, ಅದರ ಪ್ರಮಾಣವನ್ನು ಮಗುವಿನ ತೂಕಕ್ಕನುಗುಣವಾಗಿ ವೈದ್ಯರ ಕೈಯಿಂದಲೇ ಬರೆಸಿಕೊಂಡ ಚೀಟಿ, ಅಳತೆಯ ಪಿಚಕಾರಿ, ಉಷ್ಣತಾಮಾಪಕ, ಜೀವಜಲದ ಪೊಟ್ಟಣ, ಗಾಯಕ್ಕೆ ಪಟ್ಟಿ. ಉಬ್ಬಸದ ಮಕ್ಕಳಿಗೆ ಇನ್‌ಹೇಲರು ಮತ್ತು ಅದರ ನಳಿಗೆ. ಆಸ್ಪಿರಿನ್ ಮಕ್ಕಳಿಗಲ್ಲ. ಕೆಮ್ಮಿನ ಸಿರಪ್ಪನ್ನು ಎರಡು ವರ್ಷದೊಳಗಿನವರಿಗೆ ಕೊಡಕೂಡದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡವೆಂದು ಕೇಂದ್ರದ ಆರೋಗ್ಯ ಇಲಾಖೆ 2025ರ ಅಕ್ಟೋಬರಿನಲ್ಲಿ ತಿಳಿಸಿದೆ. ಮಧ್ಯಪ್ರದೇಶದಲ್ಲಿ ಕಲುಷಿತ ಸಿರಪ್ಪಿನಿಂದ ಮಕ್ಕಳು ಸತ್ತ ದುರಂತದ ಬಳಿಕ ಬಂದ ಸೂಚನೆ ಅದು. ಪೆಟ್ಟಿಗೆಯನ್ನು ಕಾರಿನ ಮುಂಭಾಗದ ಬಿಸಿಲಿಗೆ ಇಡದೆ ಕಾಲ ಬಳಿಯ ನೆರಳಿನಲ್ಲಿಡಬೇಕು. ಲಸಿಕೆಯ ಕಾರ್ಡು, ವಿಮೆಯ ಕಾಗದಗಳ ಪ್ರತಿ, ಮೊಬೈಲಿನ ಪಾವತಿ ಕೈಕೊಟ್ಟಾಗ ಬೇಕಾಗುವ ಐದಾರು ಸಾವಿರ ನಗದು ಇವೂ ಅದೇ ಚೀಲದಲ್ಲಿರಲಿ. ಒಟ್ಟು ಅಂದಾಜಿನ ಶೇಕಡ 15ರಷ್ಟನ್ನು ಆಕಸ್ಮಿಕ ಖರ್ಚಿಗೆಂದು ಪ್ರತ್ಯೇಕವಾಗಿಟ್ಟರೆ, ಜ್ವರ ಬಂದ ಮಗುವಿಗಾಗಿ ಇನ್ನೊಂದು ದಿನ ತಂಗಬೇಕಾದಾಗ ಹಣದ ಯೋಚನೆ ನಿರ್ಧಾರವನ್ನು ಕೆಡಿಸುವುದಿಲ್ಲ.

ಹಿಂದಿರುಗುವ ದಿನದ ಬಗ್ಗೆ ಯಾರೂ ಯೋಜನೆ ಹಾಕುವುದಿಲ್ಲ. ಸೋಮವಾರ ಕಚೇರಿ, ಭಾನುವಾರ ರಾತ್ರಿಯೊಳಗೆ ಮನೆ ಸೇರಬೇಕು ಎಂಬ ತರಾತುರಿಯಲ್ಲಿ ಹುಬ್ಬಳ್ಳಿಯಿಂದ ಒಂದೇ ಉಸಿರಿಗೆ 570 ಕಿಲೋಮೀಟರು ಓಡಿಸುವವರು ಮೊದಲ ದಿನ ತೋರಿದ ವಿವೇಕವನ್ನೆಲ್ಲ ಕೊನೆಯ ದಿನ ಕಳೆದುಕೊಳ್ಳುತ್ತಾರೆ. ಶನಿವಾರ ಮಧ್ಯಾಹ್ನವೇ ಮನೆ ತಲುಪುವಂತೆ ಲೆಕ್ಕ ಹಾಕಿ ಭಾನುವಾರವನ್ನು ಬಟ್ಟೆ ಒಗೆಯಲು, ನಿದ್ರೆಗೆ, ಶಾಲೆಯ ಚೀಲ ಹುಡುಕಲು ಬಿಡಬೇಕು. ಬಂದ ಮೇಲೆ ಎರಡು ವಾರದೊಳಗೆ ಮಗುವಿಗೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದರು, ಎಲ್ಲಿ ನೀರು ಕುಡಿದರು, ಸೊಳ್ಳೆ ಕಚ್ಚಿತ್ತೇ ಎಂಬುದನ್ನು ವೈದ್ಯರು ಕೇಳುವ ಮೊದಲೇ ತಿಳಿಸಬೇಕು.